ಚಾವಟಿಯಲ್ಲ, ತಿರುಗಣಿ



ಇಂದು ನನ್ನದೊಂದು ತಪ್ಪನ್ನು ತಿದ್ದಿಕೊಳ್ಳಬೇಕಾಗಿದೆ. ಬ್ಯಾಕ್ಟೀರಿಯಾಗಳು ಕಶಾಂಗವನ್ನು ಬೀಸುತ್ತಾ ಈಜುತ್ತವೆಂದು ವರ್ಷಗಟ್ಟಲೆ ನಿಮಗೆ ಪಾಠ ಹೇಳಿದೆ. ‘ಕಶೆ’ ಎಂದರೆ ಚಾವಟಿ. ಹೆಸರೇ ಹಾಗಿರುವಾಗ ನನಗೆ ಸಂಶಯ ಹುಟ್ಟಲಿಲ್ಲ.

ಈ ಜೀವಿಗಳ ಓಡಾಟವನ್ನು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್. ಮೆಣಸು ನೆನೆಸಿದ ನೀರಿನಲ್ಲಿ ಕಂಡದ್ದನ್ನು ಆತ 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ಪಂಡಿತರು ಸುಲಭವಾಗಿ ನಂಬಲಿಲ್ಲ. 1677ರಲ್ಲಿ ರಾಬರ್ಟ್ ಹುಕ್ ತಾನೇ ನೋಡಿ ದೃಢಪಡಿಸಿದನು.

ಈಜುವುದೇನೋ ತಿಳಿಯಿತು, ಹೇಗೆಂದು ತಿಳಿಯಲು ಸುಮಾರು ಮುನ್ನೂರು ವರ್ಷ ಹಿಡಿಯಿತು. ಕಶಾಂಗವು ಬೀಸುವುದಿಲ್ಲ, ಬುಡದಿಂದಲೇ ತಿರುಗುತ್ತದೆ ಎಂದು 1973ರಲ್ಲಿ ಹೋವರ್ಡ್ ಬರ್ಗ್ ಮತ್ತು ಆಂಡರ್ಸನ್ ಸಾಧಿಸಿದರು. ಮರುವರ್ಷ ಸಿಲ್ವರ್‌ಮನ್ ಮತ್ತು ಸೈಮನ್ ಕಶಾಂಗವನ್ನು ಗಾಜಿಗೆ ಅಂಟಿಸಿ ನೋಡಿದರು. ಬಾಲ ತಿರುಗಲಾರದೆ ಜೀವಿಯ ಒಡಲೇ ಬುಗುರಿಯಂತೆ ತಿರುಗಿತು!

ಆ ಬಳಿಕವೂ ನಾನು ಹಳೆಯ ಟಿಪ್ಪಣಿಯನ್ನೇ ಓದುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಬಾಲವನ್ನು ಅತ್ತ ಬೀಸಿ ಇತ್ತ ಬೀಸಿದರೆ ಅದು ಇದ್ದಲ್ಲಿಗೇ ಬರುವುದಿಲ್ಲವೇ?” ಎಂದು ಕೇಳಿದ. ಅಧಿಕಪ್ರಸಂಗವೆಂದು ಗದರಿಸಿ ಕೂರಿಸಿದೆ.

ನಿವೃತ್ತಿಯ ನಂತರ ಭೌತವಿಜ್ಞಾನಿ ಪರ್ಸೆಲ್ ಅವರ 1977ರ ಲೇಖನದ ವಿಷಯ ತಿಳಿಯಿತು. ಅಷ್ಟು ಸಣ್ಣ ಜೀವಿಗೆ ನೀರೂ ಜೇನಿನಂತೆ ಮಂದ. ಅಲ್ಲಿ ಹೋದ ದಾರಿಯಲ್ಲೇ ಮರಳುವ ಬೀಸಿನಿಂದ ಮುಂದೆ ಸಾಗಲಾಗದು. ತಿರುಪಿನಂತೆ ತಿರುಗಿದರೆ ಸಾಗಬಹುದು.

ಹುಡುಗನ ಪ್ರಶ್ನೆಯೇ ಸರಿಯಾಗಿತ್ತು. ಅವನು ಇದನ್ನು ಓದುತ್ತಿದ್ದರೆ ಒಂದು ಮಾತು: ತಪ್ಪು ನನ್ನದಪ್ಪಾ, ಕ್ಷಮಿಸು.