ಗಾಲಿ ಇರೋದು ಓಡೋಕೆ, ಕಾಲು ಇರೋದು ನಿಲ್ಲೋಕೆ

(1/7)
ಏಪ್ರಿಲ್ ಮಧ್ಯಾಹ್ನ. ಜಯನಗರ 4ನೇ ಬ್ಲಾಕ್ ಕಾಂಪ್ಲೆಕ್ಸ್ ಹತ್ತಿರ ಬೈಕಿಗೆ ಸೈಡ್ ಸ್ಟ್ಯಾಂಡ್ ಹಾಕಿ ಅಂಗಡಿಗೆ ಹೋಗಿದೀರಿ. ಹೊರಗೆ ಬಂದು ನೋಡಿದರೆ ಸ್ಟ್ಯಾಂಡ್ ಕಾದ ಡಾಂಬರಿನೊಳಗೆ ಹೂತುಕೊಂಡಿದೆ, ಬೈಕು ಇನ್ನೇನು ಪಕ್ಕದ ಸ್ಕೂಟರ್ ಮೇಲೆ ಒರಗಬೇಕು. ಆಗ ಏನು ಮಾಡ್ತೀರಿ? ಒಂದು ಚಪ್ಪಟೆ ಕಲ್ಲು ಹುಡುಕಿ ಸ್ಟ್ಯಾಂಡ್ ಕೆಳಗೆ ಇಡ್ತೀರಿ. ಅಷ್ಟೇ, ಬೈಕು ನಿಂತಿತು.

ಆ ಕಲ್ಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇವತ್ತಿನ ಕಥೆ ಓಡುವ ಗಾಡಿಗಳದ್ದಲ್ಲ, ನಿಂತ ಗಾಡಿಗಳದ್ದು. ಗಾಡಿಯನ್ನು ಅಲುಗಾಡದಂತೆ, ವಾಲದಂತೆ ನಿಲ್ಲಿಸೋದು ಓಡಿಸೋದಕ್ಕಿಂತ ಹಳೆಯ ತಲೆನೋವು. ಕಥೆ ಕೊನೆಗೆ ಬಂದು ನಿಲ್ಲೋದು ನಿಮ್ಮ ಮನೆಯ ಬೀದಿಯಲ್ಲೇ.

(2/7)
ಎತ್ತಿನ ಗಾಡಿಯಿಂದ ಶುರು ಮಾಡೋಣ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ರೈತರು ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲ. ಗಾಡಿಗೆ ಇದ್ದದ್ದು ಎರಡೇ ಗಾಲಿ. ಮುಂದಿನ ಭಾರ ಹೊರುತ್ತಿದ್ದದ್ದು ಎತ್ತುಗಳ ಹೆಗಲು. ಎತ್ತು ಬಿಚ್ಚಿದ ಕೂಡಲೇ ಮೂಕಿ ನೆಲಕ್ಕೆ ಬಡಿದು, ಮೂಟೆಗಳೆಲ್ಲ ಮುಂದಕ್ಕೆ ಜಾರಬೇಕು. ಅದಕ್ಕೇ ಮೂಕಿಯ ಕೆಳಗೆ ಒಂದು ಗಟ್ಟಿ ಕೋಲು ಕೊಟ್ಟು, ಗಾಲಿಗೆ ಕಲ್ಲು ಕೊಟ್ಟು, ಆಮೇಲೆ ಎತ್ತು ಬಿಚ್ಚುತ್ತಿದ್ದರು.

ಗಮನಿಸಿ, ಇಲ್ಲಿ ಕೆಲಸ ಎರಡು. ಕಲ್ಲು ಗಾಡಿ ಉರುಳದಂತೆ ತಡೆಯುತ್ತೆ. ಕೋಲು ಗಾಡಿ ಮಗುಚದಂತೆ, ಮಟ್ಟವಾಗಿ ಇರುವಂತೆ ಹಿಡಿಯುತ್ತೆ. ಇವತ್ತಿನ ಕೋಟಿಗಟ್ಟಲೆ ಬೆಲೆಯ ಯಂತ್ರಗಳು ಮಾಡೋದೂ ಈ ಎರಡೇ ಕೆಲಸ.

(3/7)
ಕೋಲಿನ ನಂತರ ಬಂದದ್ದು ಜಾಕಿ. (ಜಾಕಿ ಅಂದ ತಕ್ಷಣ 2010ರ ಅಪ್ಪು ಸಿನಿಮಾ ನೆನಪಾದರೆ ತಪ್ಪೇನಿಲ್ಲ, ನನಗೂ ಆಗುತ್ತೆ.) ಕೋಲು ಭಾರವನ್ನು ಬರೀ ಹೊರುತ್ತೆ. ಜಾಕಿ ಭಾರವನ್ನು ಎತ್ತುತ್ತೆ ಕೂಡ.

ಪಂಕ್ಚರ್ ಅಂಗಡಿಯ ಹುಡುಗ ಒಂದು ಪುಟ್ಟ ಬಾಟಲ್ ಜಾಕಿ ಇಟ್ಟು ಇಡೀ ಕಾರನ್ನು ಎತ್ತೋದು ನೋಡಿರ್ತೀರಿ. ಅವನ ತೋಳಿನಲ್ಲಿ ಅಷ್ಟು ಬಲ ಎಲ್ಲಿಂದ ಬಂತು? 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಕಂಡುಕೊಂಡ ನಿಯಮದಿಂದ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತೆ. ಸಣ್ಣ ಕೊಳವೆಯಲ್ಲಿ ಮೆಲ್ಲಗೆ ಒತ್ತಿ, ಆ ಕಡೆ ಹತ್ತು ಪಟ್ಟು ವಿಸ್ತೀರ್ಣದ ತಳ ಇಟ್ಟರೆ ಬಲವೂ ಹತ್ತು ಪಟ್ಟು. ಇದನ್ನು ಯಂತ್ರವಾಗಿಸಿ 1795ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ನಮ್ಮ ಪಂಕ್ಚರ್ ಹುಡುಗನ ಜಾಕಿ ಅದೇ ವಂಶದ್ದು.

(4/7)
ಗಾಡಿಯ ಮೇಲೆ ಉದ್ದನೆಯ ತೋಳು ಬಂದಾಗ ಸಮಸ್ಯೆ ದೊಡ್ಡದಾಯ್ತು. 1872ರಲ್ಲಿ ಜರ್ಮನಿಯ ಉಲ್ಮ್ ಊರಿನ ಕಾನ್ರಾಡ್ ಡೀಟ್ರಿಶ್ ಮ್ಯಾಗಿರಸ್, ಗೋಡೆಗೆ ಆನಿಸದೆ ತಾನೇ ನಿಲ್ಲುವ ಗಾಲಿ ಏಣಿಯನ್ನು ಅಗ್ನಿಶಾಮಕ ದಳಕ್ಕೆ ಮಾಡಿಕೊಟ್ಟ. ಏಣಿಗೆ ಗೋಡೆಯ ಆಸರೆ ಬೇಡ ಅಂದಮೇಲೆ ಆ ಆಸರೆಯನ್ನು ನೆಲವೇ ಕೊಡಬೇಕು, ಅಲ್ವಾ?

ಇದೇ ಪಾಠ ನಮ್ಮೂರಲ್ಲಿ ದಿನವೂ ಕಾಣೋದು ಜೆಸಿಬಿಯಲ್ಲಿ. ಅದು ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಅನ್ನುವ ಇಂಗ್ಲಿಷ್ ಮನುಷ್ಯನ ಹೆಸರಿನ ಮೊದಲಕ್ಷರಗಳು. ಕಂಪನಿ ಹುಟ್ಟಿದ್ದು 1945ರಲ್ಲಿ, ಭಾರತಕ್ಕೆ ಬಂದದ್ದು 1979ರಲ್ಲಿ. ನಮ್ಮ ಬಾಯಲ್ಲಿ ಮಣ್ಣು ಅಗೆಯೋ ಯಂತ್ರಕ್ಕೆಲ್ಲ ಅದೇ ಹೆಸರಾಯ್ತು. ಮುಂದಿನ ಸಲ ನೋಡುವಾಗ ಅಗೆಯುವ ಬಕೆಟ್ ಬಿಟ್ಟು ಹಿಂಗಾಲು ನೋಡಿ. ಅಗೆಯೋಕೆ ಮುಂಚೆ ಡ್ರೈವರ್ ಹಿಂದಿನ ಎರಡು ಕಬ್ಬಿಣದ ಕಾಲು ಇಳಿಸಿ ನೆಲಕ್ಕೆ ಊರುತ್ತಾನೆ. ಟೈರಿನಲ್ಲಿ ಗಾಳಿ ಇರುತ್ತೆ, ಗಾಳಿ ಕುಣಿಯುತ್ತೆ. ಆ ಕುಣಿತ ನಿಲ್ಲದೆ ತೋಳಿಗೆ ಕೆಲಸವಿಲ್ಲ. ಗಾಡಿ ಸ್ವಲ್ಪ ಹೊತ್ತು ಗಾಡಿಯಾಗಿರೋದು ಬಿಟ್ಟು ಕಟ್ಟಡ ಆಗಬೇಕು.

(5/7)
ನಮ್ಮ ದಕ್ಷಿಣ ಬೆಂಗಳೂರು ಕಳೆದ ಹತ್ತು ಹದಿನೈದು ವರ್ಷ ಕಂಡದ್ದೆಲ್ಲ ಇಂಥ ಕಾಲೂರಿ ನಿಂತ ಯಂತ್ರಗಳನ್ನೇ. ಜಯನಗರ, ಬನಶಂಕರಿ ಮೇಲೆ ಹಸಿರು ಮಾರ್ಗದ ಓಡಾಟ 2017ರ ಜೂನ್‌ನಲ್ಲಿ ಶುರುವಾಯ್ತು. 2020ರಲ್ಲಿ ಜಯದೇವ ಫ್ಲೈಓವರ್ ಒಡೆಯೋಕೆ ಹತ್ತಿದರು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಎರಡಂತಸ್ತಿನ ಫ್ಲೈಓವರ್ 2024ರ ಜುಲೈನಲ್ಲಿ ತೆರೆಯಿತು, ಅದರ ಮೇಲಂತಸ್ತಿನಲ್ಲಿ ಹಳದಿ ಮಾರ್ಗದ ರೈಲು 2025ರ ಆಗಸ್ಟ್‌ನಲ್ಲಿ ಓಡಿತು.

ರಸ್ತೆ ಮೇಲೆ ಕ್ರೇನ್ ಬಂದು ನಿಂತಾಗ ಆಗುವುದು ಇಷ್ಟು. ಮೊದಲು ಎರಡೂ ಪಕ್ಕಕ್ಕೆ ತೊಲೆಯಂಥ ಕೈಗಳು ಚಾಚುತ್ತವೆ. ಅವುಗಳ ತುದಿಯ ಹೈಡ್ರಾಲಿಕ್ ಜಾಕಿ ಕೆಳಗಿಳಿಯುತ್ತೆ. ಪ್ರತಿ ಪಾದದ ಕೆಳಗೂ ಮರದ ದಿಮ್ಮಿ ಅಥವಾ ಉಕ್ಕಿನ ಹಲಗೆ. ಟೈರಿನ ಮೇಲಿನ ಭಾರ ಪಾದಗಳಿಗೆ ಹೋಗುತ್ತೆ. ಆಮೇಲೆ ಮಟ್ಟ ನೋಡ್ತಾರೆ. ಎತ್ತುವ ಕೆಲಸ ಎಲ್ಲಕ್ಕಿಂತ ಕೊನೆಗೆ.

ಆ ದಿಮ್ಮಿ ನಿಮ್ಮ ಸೈಡ್ ಸ್ಟ್ಯಾಂಡಿನ ಕಲ್ಲೇ! ಭಾರ ಅಷ್ಟೇ ಇರುತ್ತೆ, ಆದರೆ ಅಗಲ ಜಾಗಕ್ಕೆ ಹಂಚಿದಾಗ ನೆಲ ತಡೆಯುತ್ತೆ. ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಹೆಸರಿನ ನಡುವೆಯೇ ಒಂದು ಕೆರೆ ಇದೆ. ಕೆರೆಗಳ ಊರಿನಲ್ಲಿ ಡಾಂಬರಿನ ಕೆಳಗೆ ಏನಿದೆ ಅಂತ ಮೇಲಿಂದ ಗೊತ್ತಾಗಲ್ಲ. ಮೆತ್ತನೆ ಮಣ್ಣಿರಬಹುದು, ಚರಂಡಿಯ ಚಪ್ಪಡಿ ಇರಬಹುದು. ಒಂದು ಪಾದ ಕುಸಿದರೂ ಸಾಕು, ಇಡೀ ಯಂತ್ರ ಆ ಕಡೆಗೆ.

(6/7)
ಈಗ ನಿಜವಾದ ವಿಷಯಕ್ಕೆ ಬರ್ತೀನಿ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಹೋದರು. ಹೊಗೆ ತಡೆಯಲಾರದೆ ಕಿಟಕಿಯಿಂದ ಧುಮುಕಿದವರೂ ಇದ್ದರು. ಆ ದುರಂತಕ್ಕೆ ಕಾರಣ ಹಲವು. ಆದರೆ ಮೇಲೆ ಸಿಕ್ಕಿಕೊಂಡವರಿಗೆ ಹೊರಗಿನಿಂದ ಏಣಿ ಬರುವುದು ಅಂದರೆ ಏನು ಅಂತ ಊರಿಗೆ ಅವತ್ತು ಗೊತ್ತಾಯ್ತು.

2023ರಲ್ಲಿ ನಮ್ಮ ಅಗ್ನಿಶಾಮಕ ಇಲಾಖೆಗೆ ಫಿನ್ಲೆಂಡಿನಿಂದ 90 ಮೀಟರ್ ಎತ್ತರ ಮುಟ್ಟುವ ಏಣಿ ಗಾಡಿ ಬಂತು. ಹೆಮ್ಮೆಯ ವಿಷಯವೇ. ಆದರೆ ತೋಳು ಉದ್ದ ಆದಷ್ಟೂ ಕಾಲು ಅಗಲ ಆಗಬೇಕು. ಪಾರ್ಕಿನ ಸೀಸಾ ಲೆಕ್ಕ ಇದು: ಕೂತವರು ಮಧ್ಯದಿಂದ ದೂರ ಸರಿದಷ್ಟೂ ಅವರ ಕಡೆ ಹೆಚ್ಚು ಜಗ್ಗುತ್ತೆ. ಲಾರಿಯ ಮೈಯಗಲ ಸುಮಾರು 2.5 ಮೀಟರ್. ಇಂಥ ಎತ್ತರದ ಯಂತ್ರಗಳು ಪೂರ್ತಿ ಕಾಲು ಬಿಚ್ಚಿದರೆ ಸಾಮಾನ್ಯವಾಗಿ 6 ಮೀಟರಿಗೂ ಹೆಚ್ಚು ಅಗಲ ಬೇಡುತ್ತವೆ.

ನಮ್ಮ 30 ಅಡಿ ಕ್ರಾಸ್ ರಸ್ತೆ ಅಂದರೆ 9 ಮೀಟರ್. ಎರಡೂ ಪಕ್ಕ ಒಂದೊಂದು ಕಾರು ನಿಂತಿದೆ ಅಂದುಕೊಳ್ಳಿ. ಒಂದೊಂದಕ್ಕೆ 1.8 ಮೀಟರ್ ಕಳೆದರೆ ಉಳಿದದ್ದು 5.4. ಗಾಡಿ ಒಳಗೆ ಬರುತ್ತೆ, ಕಾಲು ಬಿಚ್ಚೋಕೆ ಆಗಲ್ಲ. ಒಂದು ಕಡೆ ಅರ್ಧ ಬಿಚ್ಚಿ ನಿಲ್ಲಿಸಿದರೆ, ಆ ಕಡೆಗೆ ತೋಳನ್ನು ಪೂರ್ತಿ ಚಾಚಲು ಯಂತ್ರದ ಕಂಪ್ಯೂಟರೇ ಬಿಡೋದಿಲ್ಲ. ಬಿಟ್ಟರೆ ಮಗುಚುತ್ತೆ.

(7/7)
ಇದಕ್ಕೇ ರಾಷ್ಟ್ರೀಯ ಕಟ್ಟಡ ಸಂಹಿತೆ ಎತ್ತರದ ಕಟ್ಟಡದ ಸುತ್ತ 6 ಮೀಟರ್ ತೆರೆದ ಜಾಗ ಬಿಡಿ, ಅಲ್ಲಿನ ನೆಲ 45 ಟನ್ ತಡೆಯುವಂತೆ ಗಟ್ಟಿ ಇರಲಿ, ಅಲ್ಲಿ ಏನೂ ಅಡ್ಡ ಇಡಬೇಡಿ ಅನ್ನೋದು. ನಾವು ಆ ಜಾಗವನ್ನು ‘ಖಾಲಿ ಬಿದ್ದಿದೆ’ ಅಂದುಕೊಂಡು ವಿಸಿಟರ್ ಪಾರ್ಕಿಂಗ್ ಮಾಡ್ತೀವಿ, ಹೂವಿನ ಕುಂಡ ಇಡ್ತೀವಿ, ಜನರೇಟರ್ ಕೂರಿಸ್ತೀವಿ. ಅದು ಖಾಲಿ ಜಾಗ ಅಲ್ಲ. ಹತ್ತನೇ ಮಹಡಿಯ ಅಜ್ಜಿಯನ್ನು ಇಳಿಸೋಕೆ ಬರುವ ಗಾಡಿ ಕಾಲೂರುವ ಜಾಗ.

ಪರಿಷೆಗೆ ಬಂದ ರೈತ ಎತ್ತು ಬಿಚ್ಚುವ ಮೊದಲು ಕೋಲು ಎಲ್ಲಿ ಊರಬೇಕು ಅಂತ ನೆಲ ನೋಡಿಕೊಳ್ಳುತ್ತಿದ್ದ. ನಾವು 90 ಮೀಟರ್ ತೋಳು ತಂದ್ವಿ, ನೆಲ ನೋಡೋದು ಮರೆತ್ವಿ.

ಇವತ್ತು ಸಂಜೆ ವಾಕಿಂಗ್ ಹೋದಾಗ ಒಂದು ಕೆಲಸ ಮಾಡಿ. ಎರಡೂ ಕಡೆ ಗಾಡಿ ನಿಂತಮೇಲೆ ನಿಮ್ಮ ಬೀದಿಯಲ್ಲಿ ನಡುವೆ ಎಷ್ಟು ಹೆಜ್ಜೆ ಜಾಗ ಉಳಿಯುತ್ತೆ ಅಂತ ಎಣಿಸಿ. ದೊಡ್ಡ ಹೆಜ್ಜೆ ಎಂಟಕ್ಕಿಂತ ಕಡಿಮೆ ಬಂದರೆ ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಈ ಮಾತು ಎತ್ತಿ. ಎಷ್ಟು ಬಂತು ಅಂತ ಕಮೆಂಟಿನಲ್ಲಿ ಬ್ಲಾಕ್, ಕ್ರಾಸ್ ಸಮೇತ ಬರೀರಿ. ಎಲ್ಲ ಸೇರಿಸಿ ಇನ್ನೊಂದು ಪೋಸ್ಟ್ ಹಾಕ್ತೀನಿ.

#ಜಯನಗರ #ಜೆಪಿನಗರ #ಬನಶಂಕರಿ #ಬಿಟಿಎಂಲೇಔಟ್ #ನಮ್ಮೂರಿನಕಥೆ