ಹಳೆಯ ಡೀಸೆಲ್ ಕಾರಿನ ನಿಜವಾದ ಮೈಲೇಜ್: ಅಳತೆ, ಕಾರಣ, ಅರ್ಥ

ಒಂದು ಲೀಟರ್ ಡೀಸೆಲ್‌ಗೆ ಕಾರು ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದಕ್ಕೆ ರೂಢಿಯಲ್ಲಿರುವ ಹೆಸರು ಮೈಲೇಜ್. ಒಂದೇ ಕಾರಿಗೆ ಮೂರು ಮೈಲೇಜ್‌ಗಳಿರುತ್ತವೆ: ಪ್ರಯೋಗಾಲಯದಲ್ಲಿ ಪ್ರಮಾಣೀಕರಿಸಿದ್ದು, ಡ್ಯಾಶ್‌ಬೋರ್ಡಿನ ಪರದೆ ತೋರಿಸುವುದು, ತುಂಬಿಸಿದ ಡೀಸೆಲ್ ಮತ್ತು ಓಡಿದ ದೂರದಿಂದ ಲೆಕ್ಕ ಹಾಕಿದ್ದು. ಈ ಮೂರೂ ಒಂದಕ್ಕೊಂದು ತಾಳೆಯಾಗುವುದು ಅಪರೂಪ. ಕಾರಿಗೆ ಹತ್ತು ವರ್ಷ ದಾಟಿದ ಮೇಲೆ ನಾಲ್ಕನೆಯದೊಂದು ಸೇರಿಕೊಳ್ಳುತ್ತದೆ. ಅದು ಹೊಸದರಲ್ಲಿ ಇಷ್ಟು ಕೊಡುತ್ತಿತ್ತು ಎಂದು ಮಾಲೀಕರ ನೆನಪಿನಲ್ಲಿ ಉಳಿದ ಅಂಕಿ. ಹಳೆಯ ಕಾರಿನ ಮೈಲೇಜ್ ಇಳಿದಿದೆ ಎಂಬ ದೂರಿನಲ್ಲಿ ಎಷ್ಟು ಪಾಲು ಎಂಜಿನ್ನಿನದು, ಎಷ್ಟು ರಸ್ತೆಯದು, ಎಷ್ಟು ಅಳತೆಯ ದೋಷದ್ದು ಎಂಬುದನ್ನು ಬೇರ್ಪಡಿಸಿ ನೋಡುವುದು ಇಲ್ಲಿನ ಉದ್ದೇಶ. ಭಾರತದ ರಸ್ತೆಗಳಲ್ಲಿ ಇಂದಿಗೂ ಧಾರಾಳವಾಗಿ ಕಾಣುವ 1.3 ಲೀಟರ್ ಕಾಮನ್ ರೈಲ್ ಡೀಸೆಲ್ ಕಾರುಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

1. ಎಂಜಿನ್ನಿನ ಹಿನ್ನೆಲೆ

ಡೀಸೆಲ್ ಎಂಜಿನ್ನಿನ ಮಿತವ್ಯಯ ಅದರ ಹುಟ್ಟಿನಲ್ಲೇ ಇದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷೆಗೊಳಪಡಿಸಿದ ಎಂಜಿನ್ ಇಂಧನದ ಶಕ್ತಿಯಲ್ಲಿ ಶೇ. 26ರಷ್ಟನ್ನು ಕೆಲಸವಾಗಿ ಪರಿವರ್ತಿಸಿತು. ಅಂದಿನ ಉಗಿ ಯಂತ್ರಗಳಿಗೆ ಇದು ನಿಲುಕದ ಮಾತಾಗಿತ್ತು. ಈ ಮಿತವ್ಯಯಕ್ಕೆ ಕಾರಣಗಳು ಮೂರು. ಮೊದಲನೆಯದು, ಗಾಳಿಯನ್ನು ಹೆಚ್ಚು ಒತ್ತುವ ಸಂಪೀಡನ. ಎರಡನೆಯದು, ಒಳಬರುವ ಗಾಳಿಯನ್ನು ಥ್ರಾಟಲ್‌ನಿಂದ ತಡೆಯದೆ ಇಂಧನದ ಪ್ರಮಾಣವನ್ನಷ್ಟೇ ಬದಲಿಸಿ ಬಲವನ್ನು ನಿಯಂತ್ರಿಸುವ ಕ್ರಮ. ಮೂರನೆಯದು ಇಂಧನಕ್ಕೇ ಸೇರಿದ್ದು: ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದರೆ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಇರುತ್ತದೆ. ಹೀಗಾಗಿ ಡೀಸೆಲ್ ಕಾರಿನ ಮೈಲೇಜ್ ಮೇಲುಗೈಯಲ್ಲಿ ಒಂದು ಪಾಲು ಇಂಧನದ ಸಾಂದ್ರತೆಯದು, ಉಳಿದದ್ದು ಎಂಜಿನ್ನಿನದು.

ಫಿಯೆಟ್ ಮತ್ತು ಜನರಲ್ ಮೋಟಾರ್ಸ್ ಸಹಯೋಗದಲ್ಲಿ ರೂಪುಗೊಂಡು 2003ರಲ್ಲಿ ಉತ್ಪಾದನೆಗೆ ಬಂದ 1248 ಸಿಸಿ (ಸುಮಾರು 1.3 ಲೀಟರ್) ಸಾಮರ್ಥ್ಯದ ಮಲ್ಟಿಜೆಟ್ ಎಂಜಿನ್ 2007ರಲ್ಲಿ ಮಾರುತಿ ಸ್ವಿಫ್ಟ್ ಮೂಲಕ ಭಾರತದಲ್ಲಿ ಮನೆಮಾತಾಯಿತು. ಡಿಝೈರ್, ಪುಂಟೊ, ಇಂಡಿಕಾ ವಿಸ್ಟಾ ಕಾರುಗಳಲ್ಲಿಯೂ ಇದೇ ಎಂಜಿನ್ ಇತ್ತು. ಡೀಸೆಲ್ ಬೆಲೆಯನ್ನು ಸರ್ಕಾರ ನಿಯಂತ್ರಿಸುತ್ತಿದ್ದ ಕಾಲದಲ್ಲಿ ಪೆಟ್ರೋಲ್‌ಗೂ ಡೀಸೆಲ್‌ಗೂ ನಡುವಿನ ಅಂತರವೇ ಈ ಕಾರುಗಳ ಮಾರಾಟಕ್ಕೆ ಬಲವಾಗಿತ್ತು. 2014ರ ಅಕ್ಟೋಬರ್‌ನಲ್ಲಿ ಆ ನಿಯಂತ್ರಣ ತೆರವಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಗೆ ಬಂದಾಗ ಮಾರುತಿ ತನ್ನ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು. ಇಂದು ಓಡುತ್ತಿರುವ ಈ ಬಗೆಯ ಕಾರುಗಳೆಲ್ಲ ವಯಸ್ಸಾದವೇ.

2. ಪ್ರಮಾಣಪತ್ರದ ಅಂಕಿ

ಭಾರತದಲ್ಲಿ ಈ ಕಾರುಗಳ ಅಧಿಕೃತ ಮೈಲೇಜನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಗಳು ಮಾರ್ಪಡಿಸಿದ ಭಾರತೀಯ ಚಾಲನಾ ಆವರ್ತದ ಮೇಲೆ ನಿರ್ಧರಿಸಿವೆ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ 1180 ಸೆಕೆಂಡು ಓಡಿಸಲಾಗುತ್ತದೆ. ಮೊದಲ 780 ಸೆಕೆಂಡು ನಗರ ಸಂಚಾರದ ಅನುಕರಣೆ, ಉಳಿದ 400 ಸೆಕೆಂಡು ಹೊರವಲಯದ್ದು. ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಏರಿಳಿತವಿಲ್ಲ, ಎದುರುಗಾಳಿಯಿಲ್ಲ, ಎ.ಸಿ. ಚಾಲೂ ಇರುವುದಿಲ್ಲ. ಈ ಪರೀಕ್ಷೆಯ ಬೆಲೆ ಇರುವುದು ಕಾರುಗಳನ್ನು ಸಮಾನ ನೆಲೆಯಲ್ಲಿ ಹೋಲಿಸುವುದರಲ್ಲಿ. ಇಂಥವರ ಕಾರು ಇಂಥ ರಸ್ತೆಯಲ್ಲಿ ಇಷ್ಟು ಕೊಡುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ಸ್ವಿಫ್ಟ್ ಡೀಸೆಲ್‌ನ ಪ್ರಮಾಣಿತ ಮೈಲೇಜ್ 2011ರ ಮಾದರಿಗೆ 22.9 ಇತ್ತು, 2014ರದಕ್ಕೆ 25.2 ಆಯಿತು, 2018ರದಕ್ಕೆ 28.4 ಆಯಿತು. ಎಂಜಿನ್ ಮಾತ್ರ ಅದೇ 1248 ಸಿಸಿ. ಹಗುರವಾದ ಒಡಲು ಮತ್ತು ಸೂಕ್ಷ್ಮ ಹೊಂದಾಣಿಕೆಗಳು ಅಂಕಿಯನ್ನು ಮೇಲಕ್ಕೆ ಒಯ್ದವು. ಆದ್ದರಿಂದ 2011ರ ಕಾರಿನ ಮೈಲೇಜನ್ನು 2018ರ ಕಾರಿನ ಅಂಕಿಯೊಂದಿಗೆ ಹೋಲಿಸಿ, ಹಳೆಯದಾಗಿ ಇಳಿದಿದೆ ಎನ್ನುವುದು ತಪ್ಪು ತೀರ್ಮಾನ.

ಪ್ರಯೋಗಾಲಯಕ್ಕೂ ರಸ್ತೆಗೂ ಇರುವ ಅಂತರ ಹಲವು ದೇಶಗಳಲ್ಲಿ ದಾಖಲಾಗಿದೆ. ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಮಂಡಳಿಯ ಅಧ್ಯಯನದಂತೆ ಯುರೋಪಿನಲ್ಲಿ 2001ರಲ್ಲಿ ಸುಮಾರು ಶೇ. 9ರಷ್ಟಿದ್ದ ಈ ಅಂತರ 2015ರ ಹೊತ್ತಿಗೆ ಶೇ. 40ನ್ನು ದಾಟಿತ್ತು. 2017ರಲ್ಲಿ ಕಠಿಣವಾದ ಹೊಸ ಪರೀಕ್ಷಾ ಆವರ್ತ ಬಂದಿತು. 2021ರಲ್ಲಿ ನೋಂದಣಿಯಾದ ಡೀಸೆಲ್ ಕಾರುಗಳ ಒಳಗಣಕದಿಂದಲೇ ಸಂಗ್ರಹಿಸಿದ ಮಾಹಿತಿಯಲ್ಲಿ ಅಂತರ ಸುಮಾರು ಶೇ. 18ಕ್ಕೆ ಇಳಿದಿತ್ತು. ಕಾರು ಹೊಸದಾಗಿದ್ದಾಗಲೂ ಅಂತರ ಇದ್ದೇ ಇರುತ್ತದೆ ಎಂಬುದು ಇದರಿಂದ ಖಚಿತ.

3. ರಸ್ತೆಯ ಮೇಲಿನ ಶಕ್ತಿಯ ಲೆಕ್ಕ

ಇಬ್ಬರು ಕುಳಿತಾಗ ಸುಮಾರು 1250 ಕಿಲೋ ತೂಗುವ ಸಣ್ಣ ಕಾರನ್ನು ಊಹಿಸಿಕೊಂಡರೆ ಸಮತಟ್ಟು ರಸ್ತೆಯಲ್ಲಿ ಅದನ್ನು ತಡೆಯುವ ಬಲಗಳು ಎರಡು: ಟೈರುಗಳ ಉರುಳು ಪ್ರತಿರೋಧ ಮತ್ತು ಗಾಳಿಯ ಪ್ರತಿರೋಧ. ಮೊದಲನೆಯದು ಹೆಚ್ಚುಕಡಿಮೆ ಸ್ಥಿರ. ಎರಡನೆಯದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಟ್ಟು ತಡೆ ಸುಮಾರು 355 ನ್ಯೂಟನ್, 100ರಲ್ಲಿ 470, 120ರಲ್ಲಿ 615. ಅಂದರೆ 80ರಿಂದ 120ಕ್ಕೆ ಹೋದಾಗ ಪ್ರತಿ ಕಿಲೋಮೀಟರಿಗೆ ಚಕ್ರಗಳು ಬೇಡುವ ಶಕ್ತಿ ಶೇ. 70ಕ್ಕೂ ಹೆಚ್ಚು ಏರುತ್ತದೆ. ಎಂಜಿನ್ನಿನ ಮೇಲಿನ ಹೊರೆ ಹೆಚ್ಚಿದಂತೆ ಅದರ ದಕ್ಷತೆಯೂ ಸ್ವಲ್ಪ ಸುಧಾರಿಸುವುದರಿಂದ ಇಂಧನದ ಏರಿಕೆ ಇದಕ್ಕಿಂತ ಕಡಿಮೆ. ಆದರೂ ಹೆದ್ದಾರಿಯಲ್ಲಿ ಮೈಲೇಜನ್ನು ನಿರ್ಧರಿಸುವ ಮೊದಲ ಅಂಶ ವೇಗವೇ.

ನಗರದಲ್ಲಿ ಲೆಕ್ಕ ಬೇರೆ. ಬೆಂಗಳೂರಿನ ದಟ್ಟಣೆಯಲ್ಲಿ 12 ಕಿಲೋಮೀಟರಿನ ಒಂದು ಓಡಾಟವನ್ನು ತೆಗೆದುಕೊಳ್ಳಬಹುದು. ತಡೆಯಿಲ್ಲದೆ ಸಾಗಿ ಲೀಟರಿಗೆ 20 ಬಂದಿದ್ದರೆ 0.60 ಲೀಟರ್ ಸಾಕಿತ್ತು. ನಿಂತಲ್ಲೇ ಓಡುವ ಇಂಥ ಎಂಜಿನ್ ಗಂಟೆಗೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ. ಸಿಗ್ನಲ್‌ಗಳಲ್ಲಿ ಒಟ್ಟು 24 ನಿಮಿಷ ನಿಂತರೆ 0.20 ಲೀಟರ್. ಗಂಟೆಗೆ 40 ಕಿಲೋಮೀಟರ್ ವೇಗದಿಂದ ಬ್ರೇಕ್ ಒತ್ತಿ ನಿಲ್ಲಿಸಿ ಮತ್ತೆ ಅದೇ ವೇಗಕ್ಕೆ ತಂದಾಗಲೆಲ್ಲ ಸುಮಾರು 8 ಮಿಲಿಲೀಟರ್ ಹೆಚ್ಚುವರಿ ಖರ್ಚು. ಹದಿನೈದು ಬಾರಿಗೆ 0.12 ಲೀಟರ್. ಒಟ್ಟು 0.92 ಲೀಟರ್. ಮೈಲೇಜ್ 20ರಿಂದ 13ಕ್ಕೆ ಇಳಿಯಿತು, ಕಾರಿನಲ್ಲಿ ಯಾವ ದೋಷವೂ ಇಲ್ಲದೆ. ಎ.ಸಿ. ಹಾಕಿದರೆ ಇನ್ನೂ ಇಳಿಯುತ್ತದೆ.

ಏರಿಳಿತದ ಪಾತ್ರವನ್ನು ಮಂಗಳೂರು–ಬೆಂಗಳೂರು ಪ್ರಯಾಣ ಸ್ಪಷ್ಟವಾಗಿ ತೋರಿಸುತ್ತದೆ. ಕಡಲ ಮಟ್ಟದ ಊರಿನಿಂದ ಶಿರಾಡಿ ಘಾಟಿ ಹತ್ತಿ ಸುಮಾರು 900 ಮೀಟರ್ ಎತ್ತರದ ಊರಿಗೆ ಕಾರು ಬರಬೇಕು. ಅಷ್ಟು ಎತ್ತರಕ್ಕೆ 1250 ಕಿಲೋ ಭಾರವನ್ನು ಎತ್ತಲು 11 ಮೆಗಾಜೂಲ್ ಬೇಕು. ಎಂಜಿನ್ ಇಂಧನದ ಶಕ್ತಿಯಲ್ಲಿ ಮೂರನೇ ಒಂದು ಪಾಲನ್ನು ಬಳಸಬಲ್ಲುದಾದರೆ ಇದಕ್ಕೇ ಸುಮಾರು ಒಂದು ಲೀಟರ್ ಡೀಸೆಲ್ ಹೋಗುತ್ತದೆ. ಮರಳುವಾಗ ಇಳಿಜಾರು ಇದರಲ್ಲಿ ಒಂದು ಭಾಗವನ್ನು ಮಾತ್ರ ಹಿಂತಿರುಗಿಸುತ್ತದೆ. ಉಳಿದದ್ದು ಬ್ರೇಕಿನ ಬಿಸಿಯಾಗಿ ಕಳೆಯುತ್ತದೆ. ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟಾಗ ಕಾಮನ್ ರೈಲ್ ಎಂಜಿನ್ ಇಂಧನ ಸಿಂಪಡಣೆಯನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿ ಇಳಿಸಿದರೆ ಎಂಜಿನ್ ತನ್ನನ್ನು ಚಾಲೂ ಇಟ್ಟುಕೊಳ್ಳಲು ಡೀಸೆಲ್ ಉರಿಸುತ್ತಲೇ ಇರುತ್ತದೆ, ಎಂಜಿನ್ನಿನ ಹಿಡಿತವೂ ಇರುವುದಿಲ್ಲ. ಘಾಟಿಯಲ್ಲಿ ನ್ಯೂಟ್ರಲ್ ಇಳಿತ ಉಳಿತಾಯವೂ ಅಲ್ಲ, ಸುರಕ್ಷಿತವೂ ಅಲ್ಲ.

4. ವಯಸ್ಸು ತರುವ ಬದಲಾವಣೆ

ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಿದ ಡೀಸೆಲ್ ಎಂಜಿನ್‌ನ ಸಂಪೀಡನ ಎರಡು ಲಕ್ಷ ಕಿಲೋಮೀಟರ್ ದಾಟಿದ ಮೇಲೂ ಚೆನ್ನಾಗಿ ಉಳಿಯಬಲ್ಲುದು. ಮೈಲೇಜ್ ಕುಸಿದಿದ್ದರೆ ಕಾರಣ ಸಾಮಾನ್ಯವಾಗಿ ಅದರ ಸುತ್ತಲಿನ ಭಾಗಗಳಲ್ಲಿರುತ್ತದೆ.

ಇಂಜೆಕ್ಟರ್‌ಗಳು ಇವುಗಳಲ್ಲಿ ಮುಖ್ಯ. ನಳಿಕೆಯ ಸೂಕ್ಷ್ಮ ರಂಧ್ರಗಳಲ್ಲಿ ಮಸಿ ಕಟ್ಟಿದರೆ ಸಿಂಪಡಣೆ ಕೆಡುತ್ತದೆ. ಒಳಗಿನ ಕವಾಟ ಸವೆದರೆ ಒತ್ತಡದ ಡೀಸೆಲ್ ಸಿಲಿಂಡರಿಗೆ ಹೋಗದೆ ಟ್ಯಾಂಕಿಗೆ ಮರಳುತ್ತದೆ. ಇದನ್ನು ಪತ್ತೆಹಚ್ಚುವ ವಿಧಾನ ಸರಳ. ನಾಲ್ಕು ಇಂಜೆಕ್ಟರ್‌ಗಳ ರಿಟರ್ನ್ ಪೈಪುಗಳಿಗೆ ನಾಲ್ಕು ಪುಟ್ಟ ಬಾಟಲಿಗಳನ್ನು ಜೋಡಿಸಿ ಎಂಜಿನ್ನನ್ನು ಕೆಲವು ನಿಮಿಷ ಚಾಲೂ ಇಡಲಾಗುತ್ತದೆ. ಮೂರು ಬಾಟಲಿಗಳಲ್ಲಿ ಡೀಸೆಲ್ ಒಂದೇ ಮಟ್ಟದಲ್ಲಿದ್ದು ನಾಲ್ಕನೆಯದು ಬಹುಪಾಲು ತುಂಬಿದ್ದರೆ ಆ ಇಂಜೆಕ್ಟರ್ ಸವೆದಿದೆ ಎಂದರ್ಥ.

ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಎಂಜಿನ್ ತನ್ನ ಕೆಲಸದ ಉಷ್ಣತೆಯನ್ನು ತಲುಪುವುದೇ ಇಲ್ಲ. ನಿಯಂತ್ರಕವು ಎಂಜಿನ್ ಇನ್ನೂ ತಣ್ಣಗಿದೆ ಎಂದೇ ತಿಳಿದು ಇಂಧನವನ್ನು ಹೊಂದಿಸುತ್ತದೆ. ಎಚ್ಚರಿಕೆಯ ದೀಪ ಹೊತ್ತದಿರಬಹುದಾದ್ದರಿಂದ ಈ ದೋಷ ವರ್ಷಗಟ್ಟಲೆ ಗಮನಕ್ಕೆ ಬರುವುದಿಲ್ಲ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸೀಳಿದರೆ ಗಾಳಿ ಸೋರಿ ಕಪ್ಪು ಹೊಗೆ ಬರುತ್ತದೆ, ಎಳೆತ ಕಡಿಮೆಯಾಗುತ್ತದೆ. ಹೊಗೆಯನ್ನು ಮರುಬಳಸುವ ಇಜಿಆರ್ ಕವಾಟದಲ್ಲಿ ಮಸಿ ಕಟ್ಟಿ ಅದು ಮುಚ್ಚದಿದ್ದರೂ ಫಲ ಇದೇ.

ಎಂಜಿನ್ನಿನ ಹೊರಗಿನ ಕಾರಣವೂ ಒಂದಿದೆ: ಬ್ರೇಕ್ ಹಿಡಿದುಕೊಳ್ಳುವುದು. ಕ್ಯಾಲಿಪರ್‌ನ ಪಿನ್ನುಗಳು ತುಕ್ಕು ಹಿಡಿದರೆ ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಿರುತ್ತದೆ. ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿದರೆ ಸಾಕು. ಒಂದು ಚಕ್ರದ ಝಳ ಮಾತ್ರ ಹೆಚ್ಚಿದ್ದರೆ ಡೀಸೆಲ್ ಅಲ್ಲಿ ಕರಗುತ್ತಿದೆ. ಟೈರಿನ ಗಾಳಿಯ ಪ್ರಭಾವ ಇದಕ್ಕೆ ಹೋಲಿಸಿದರೆ ಚಿಕ್ಕದು: ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ ಸರಾಸರಿ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಶೇ. 0.2ರಷ್ಟು ಇಳಿಯುತ್ತದೆ. ಹತ್ತು ಪಿಎಸ್‌ಐ ಕಡಿಮೆಯಿದ್ದರೆ ನಷ್ಟ ಶೇ. 2.

5. ಅಳತೆಯ ವಿಧಾನ

ಮೇಲಿನ ಕಾರಣಗಳನ್ನು ಹುಡುಕುವ ಮೊದಲು ಮೈಲೇಜ್ ನಿಜವಾಗಿ ಇಳಿದಿದೆಯೇ ಎಂದು ತಿಳಿಯಬೇಕು. ವಿಶ್ವಾಸಾರ್ಹ ವಿಧಾನವೆಂದರೆ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ನಡುವಿನ ದೂರವನ್ನು ತುಂಬಿದ ಲೀಟರುಗಳಿಂದ ಭಾಗಿಸುವುದು. ಡೀಸೆಲ್ ನೊರೆಯೇಳುವುದರಿಂದ ಪಂಪಿನ ನಳಿಕೆ ಪ್ರತಿಸಲವೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಅರ್ಧ ಲೀಟರ್ ವ್ಯತ್ಯಾಸ ಸಹಜ. 30 ಲೀಟರಿನ ಒಂದು ತುಂಬುವಿಕೆಯಲ್ಲಿ ಇದು ಶೇ. 1.7ರ ದೋಷ. ಐದು ತುಂಬುವಿಕೆಗಳನ್ನು ಕೂಡಿಸಿ 150 ಲೀಟರಿಗೆ ಲೆಕ್ಕ ಹಾಕಿದರೆ ನಡುವಿನ ದೋಷಗಳು ಒಂದನ್ನೊಂದು ಕಳೆದು ಅದೇ ಅರ್ಧ ಲೀಟರ್ ಉಳಿಯುತ್ತದೆ, ದೋಷ ಶೇ. 0.33ಕ್ಕೆ ಇಳಿಯುತ್ತದೆ.

ಸರಾಸರಿ ತೆಗೆಯುವಾಗ ಒಟ್ಟು ದೂರವನ್ನು ಒಟ್ಟು ಲೀಟರಿನಿಂದಲೇ ಭಾಗಿಸಬೇಕು. 300 ಕಿಲೋಮೀಟರ್ ಲೀಟರಿಗೆ 15ರಂತೆ, ಇನ್ನು 300 ಕಿಲೋಮೀಟರ್ 25ರಂತೆ ಓಡಿದರೆ ಸರಾಸರಿ 20 ಅಲ್ಲ. 600 ಕಿಲೋಮೀಟರಿಗೆ 32 ಲೀಟರ್, ಅಂದರೆ 18.75. ಟೈರಿನ ಸವೆತವೂ ಲೆಕ್ಕವನ್ನು ಕೆಡಿಸುತ್ತದೆ. 165/80 ಆರ್14 ಅಳತೆಯ ಹೊಸ ಟೈರಿನ ವ್ಯಾಸ ಸುಮಾರು 620 ಮಿಲಿಮೀಟರ್. ಎಂಟು ಮಿಲಿಮೀಟರ್ ಆಳದ ಅಚ್ಚು ಕಾನೂನಿನ ಮಿತಿಯಾದ 1.6 ಮಿಲಿಮೀಟರಿಗೆ ಸವೆದಾಗ ವ್ಯಾಸ ಶೇ. 2ರಷ್ಟು ಕಿರಿದಾಗಿ ಓಡೋಮೀಟರ್ ಅಷ್ಟೇ ಹೆಚ್ಚು ದೂರ ತೋರಿಸುತ್ತದೆ. ಸವೆದ ಟೈರು ಬದಲಿಸಿದ ಕೂಡಲೇ ಮೈಲೇಜ್ ಬಿದ್ದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

6. ಉಪಸಂಹಾರ

ಹಳೆಯ ಡೀಸೆಲ್ ಕಾರಿನ ಮೈಲೇಜನ್ನು ಪ್ರಮಾಣಪತ್ರದ ಅಂಕಿಯೊಂದಿಗಾಗಲಿ, ಬೇರೊಬ್ಬರ ಕಾರಿನೊಂದಿಗಾಗಲಿ ಹೋಲಿಸುವುದರಿಂದ ಏನೂ ಸಿದ್ಧವಾಗುವುದಿಲ್ಲ. ವೇಗ, ದಟ್ಟಣೆ ಮತ್ತು ಏರಿಳಿತಗಳು ತರುವ ವ್ಯತ್ಯಾಸ ವಯಸ್ಸು ತರುವ ವ್ಯತ್ಯಾಸಕ್ಕಿಂತ ಎಷ್ಟೋ ದೊಡ್ಡದು. ಅದೇ ದಾರಿ, ಅದೇ ವೇಗ, ಹೋಗಿಬರುವ ಪೂರ್ಣ ಪ್ರಯಾಣ, ಐದಾರು ಟ್ಯಾಂಕುಗಳ ಒಟ್ಟು ಲೆಕ್ಕ – ಇವನ್ನು ಇಟ್ಟುಕೊಂಡು ಕಾರನ್ನು ಅದರ ಹಿಂದಿನ ದಾಖಲೆಯೊಂದಿಗೇ ಹೋಲಿಸಬೇಕು. ಹಾಗೆ ಹೋಲಿಸಿದಾಗಲೂ ಶೇ. 10ರ ಕುಸಿತ ಕಂಡರೆ ಅದನ್ನು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗಬಾರದು. ಅದರ ಹಿಂದೆ ಹುಡುಕಿದರೆ ಸಿಗುವ, ಸಿಕ್ಕರೆ ಸರಿಪಡಿಸಬಹುದಾದ ದೋಷವಿರುವ ಸಂಭವವೇ ಹೆಚ್ಚು.