ಗದ್ದೆಯ ಬ್ಯಾಕ್ಟೀರಿಯಕ್ಕೆ ಎಷ್ಟು ಸೋಡಿಯಮ್ ಬೇಕು?

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ನಂದಿಕೂರು ಸಿಗುತ್ತದೆ. ಕಡಲು ದೂರವಿಲ್ಲ. ಈ ಸೀಮೆಯ ಬೈಲುಗದ್ದೆಗಳ ರೈತರಿಗೆ ಉಪ್ಪುನೀರೆಂದರೆ ದಿಗಿಲು. ಬೇಸಗೆಯಲ್ಲಿ ಉಬ್ಬರದ ನೀರು ಹೊಳೆಯಲ್ಲಿ ಮೇಲೇರದಂತೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುತ್ತಾರೆ. ದಿಗಿಲು ಸಕಾರಣವೇ. ಆದರೆ ಗದ್ದೆಯ ಫಲವತ್ತತೆಗೆ ನೆರವಾಗುವ ಒಂದು ಜೀವಿಗುಂಪಿಗೆ ಸೋಡಿಯಮ್ ಬೇಕೇ ಬೇಕು.

ಗೊಬ್ಬರವಿಲ್ಲದೆಯೂ ಬತ್ತದ ಗದ್ದೆ ವರ್ಷಾನುವರ್ಷ ಫಸಲು ಕೊಡುವುದು ಹೇಗೆ? ಬಂಗಾಳದ ಗದ್ದೆಮಣ್ಣನ್ನು ಪರೀಕ್ಷಿಸಿದ ಪಿ. ಕೆ. ಡೇ 1939ರಲ್ಲಿ ಉತ್ತರ ಕೊಟ್ಟರು: ಗಾಳಿಯ ನೈಟ್ರೊಜನನ್ನು ಸ್ಥಿರೀಕರಿಸುವ ನೀಲಿ-ಹಸುರು ಶೈವಲಗಳಿಂದ. ಇವನ್ನೇ ನಾವೀಗ ಸಯನೊಬ್ಯಾಕ್ಟೀರಿಯ ಎನ್ನುತ್ತೇವೆ.

1955ರಲ್ಲಿ ಕ್ಯಾಲಿಫೋರ್ನಿಯದ ಮೇರಿ ಬೆಲ್ ಆ್ಯಲನ್ ಮತ್ತು ಡೇನಿಯಲ್ ಆರ್ನನ್, ಅನಬೀನ ಸಿಲಿಂಡ್ರಿಕ ಎಂಬ ಸಯನೊಬ್ಯಾಕ್ಟೀರಿಯಕ್ಕೆ ಸೋಡಿಯಮ್ ಅತ್ಯಗತ್ಯವೆಂದು ತೋರಿಸಿದರು. ಲೀಟರಿಗೆ ಸುಮಾರು 5 ಮಿಲಿಗ್ರಾಮ್ ಸಾಕು. ಆದರೆ ಪೊಟ್ಯಾಸಿಯಮ್ ಆ ಜಾಗ ತುಂಬಲಾರದು. ಇಂಥ ಪ್ರಯೋಗ ಸುಲಭವಲ್ಲ. ಸಾಮಾನ್ಯ ಗಾಜಿನಲ್ಲೇ ಸುಮಾರು 14% ಸೋಡಿಯಮ್ ಆಕ್ಸೈಡ್ ಇದೆ. ಅದು ದ್ರಾವಣಕ್ಕೆ ಇಳಿಯುತ್ತದೆ. 'ಸೋಡಿಯಮ್ ಹಾಕಿಲ್ಲ' ಎನ್ನುವುದಕ್ಕೂ 'ಸೋಡಿಯಮ್ ಇಲ್ಲ' ಎನ್ನುವುದಕ್ಕೂ ಅಂತರವಿದೆ. ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಇದನ್ನು ಮರೆಯುವುದೇ ಹೆಚ್ಚು! 1967ರಲ್ಲಿ ಬ್ರೌನೆಲ್ ಮತ್ತು ನಿಕೊಲಸ್, ಸೋಡಿಯಮ್ ಕೊರತೆಯಾದಾಗ ಅನಬೀನದ ನೈಟ್ರೊಜನ್ ಸ್ಥಿರೀಕರಣವೇ ಕುಂದುವುದನ್ನು ಕಂಡರು.

ಮಣ್ಣಿನ ಹೆಚ್ಚಿನ ಬ್ಯಾಕ್ಟೀರಿಯಗಳಿಗೆ ಇಂಥ ಹಟವಿಲ್ಲ. ಅವುಗಳ ಶಕ್ತಿವ್ಯವಹಾರ ನಡೆಯುವುದು ಪ್ರೋಟಾನುಗಳ ಮೂಲಕ. ಪೀಟರ್ ಮಿಚೆಲ್ 1961ರಲ್ಲಿ ಈ ವಾದವನ್ನು ಮುಂದಿಟ್ಟರು. ಕ್ಷಾರೀಯ ಪರಿಸರದ ಕಥೆ ಬೇರೆ. ಪಿಎಚ್ 10ರಲ್ಲಿ ಪ್ರೋಟಾನುಗಳ ಸಾಂದ್ರತೆ ಪಿಎಚ್ 7ರಲ್ಲಿರುವುದರ ಸಾವಿರದಲ್ಲೊಂದು ಪಾಲು ಮಾತ್ರ. ಜಪಾನಿನ ಕೊಕಿ ಹೊರಿಕೊಶಿ 1968ರಿಂದ ಸಾಮಾನ್ಯ ತೋಟದ ಮಣ್ಣಿನಿಂದಲೇ ಬೇರ್ಪಡಿಸಿದ ಕ್ಷಾರಪ್ರಿಯ ಬ್ಯಾಸಿಲಸ್‌ಗಳಿಗೆ ಸೋಡಿಯಮ್ ಬೇಕು. ಇಂಥ ಒಂದು ಬ್ಯಾಸಿಲಸ್ ತನ್ನ ಕಶಾಂಗವನ್ನು ತಿರುಗಿಸುವುದು ಒಳನುಗ್ಗುವ ಸೋಡಿಯಮ್ ಅಯಾನುಗಳಿಂದ ಎಂದು 1983ರಲ್ಲಿ ಹಿರೋಟ ಮತ್ತು ಇಮಾಯೆ ತಿಳಿಸಿದರು. ನನ್ನಂಥ ಭೌತವಿಜ್ಞಾನಿಗೆ ಇದೊಂದು ಪುಟಾಣಿ ವಿದ್ಯುನ್ಮೋಟಾರು.

ನಮ್ಮ ಮುರಕಲ್ಲಿನ ಮಣ್ಣು ಆಮ್ಲೀಯ. ಅಲ್ಲಿ ಪ್ರೋಟಾನುಗಳಿಗೆ ಬರವಿಲ್ಲ. ಅನಬೀನದ ಪಾಲಿನ ಲೆಕ್ಕ ನೋಡಿ: ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 10.8 ಗ್ರಾಮ್ ಸೋಡಿಯಮ್, ಅಂದರೆ ಅದಕ್ಕೆ ಬೇಕಾದ್ದರ ಎರಡು ಸಾವಿರ ಪಟ್ಟು. ಕಡಲಿನಿಂದ ಬೀಸುವ ಮಳೆಗಾಳಿ ಹೇಗೂ ಉಪ್ಪಿನ ಕಣಗಳನ್ನು ಹೊತ್ತೇ ಬರುತ್ತದೆ. ಅಣೆಕಟ್ಟಿನ ಹಲಗೆಗಳು ಅಲ್ಲೇ ಇರಲಿ.